ನೀಲಿ ಬೆಳಕಿಗೆ ಅಡ್ಡ ಬಂದ ನನ್ನ ಕುರ್ತಾ

ನಮ್ಮ ಭಾಗದ ಸರ್ಕಾರಿ ತಾಯಿ-ಮಗು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ತಮ್ಮ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇಡುವ ಒಂದು ಕೋಣೆಯಿದೆ. ಅದರ ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಗಾಜಿನ ಕಿಟಕಿಯಿದೆ. ಆ ಗಾಜು ಪೂರ್ತಿ ಮುಚ್ಚುವ ಹಾಗೆ ತಾವು ಒಂದು ಪೋಸ್ಟರ್ ಅಂಟಿಸಿದ್ದೀರಿ. ಅದನ್ನು ತೆಗೆಸಿ. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಪತ್ರವೇ, ಅದೂ ಊರೆಲ್ಲ ಓದುವ ಪತ್ರಿಕೆಯಲ್ಲೇ ಎಂದು ತಾವು ಹುಬ್ಬೇರಿಸಬಹುದು. ಏರಿಸಿ. ಆದರೆ ಆ ಪೋಸ್ಟರಿನ ದೆಸೆಯಿಂದ ನನ್ನ ಮೊಮ್ಮಗಳ ಕೂಸಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಎಲ್ಲರೂ ತಟ್ಟೆ ಲೋಟ ನೆಲಕ್ಕೆ ಬೀಳಿಸಿ ನೋಡುತ್ತಿದ್ದೇವೆ. ಹುಬ್ಬಿಳಿಸಿದ ಮೇಲೆ ಮುಂದಿನದನ್ನು ಓದಿ.

ನಾನು ಖಾದರ್ ಬಾಷಾ. ಆರ್.ಟಿ. ನಗರದಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು. ಶಾಲೆಗೆ ಹೋದವನಲ್ಲ. ಕನ್ನಡವನ್ನು ಓದುವುದಕ್ಕೆ ಮೊದಲು ಬಿಡಿಸಲು ಕಲಿತವನು. ಯಾರೋ ಸೀಮೆಸುಣ್ಣದಲ್ಲಿ ತಗಡಿನ ಮೇಲೆ ಗೀಚಿಕೊಡುತ್ತಿದ್ದರು, ನಾನು ಬಣ್ಣ ತುಂಬುತ್ತಿದ್ದೆ. ಹಾಗೆ ತುಂಬುತ್ತಾ ತುಂಬುತ್ತಾ ಒಂದು ದಿನ ಆ ಚಿತ್ರ ‘ಹಿಟ್ಟಿನ ಗಿರಣಿ’ ಎಂದು ತಾನಾಗಿಯೇ ಬಾಯಿಬಿಟ್ಟಿತು. ಆಮೇಲೆ ನಾನು ಅಕ್ಷರವನ್ನು ಬಿಡಲಿಲ್ಲ. ಹೊಟ್ಟೆಪಾಡು ಬ್ರಷ್ಷಿನಿಂದ ನಡೆಯಿತು, ಸಂಬಂಧಗಳು ಪತ್ರಗಳಿಂದ. ಮನೆಯಲ್ಲಿ ಆಡುವುದು ನಮ್ಮ ಉರ್ದುವಾದರೂ ತಂಗಿಗೆ, ಅಳಿಯಂದಿರಿಗೆ, ಷಡ್ಡಕನ ಮಕ್ಕಳಿಗೆ ನಾನು ಬರೆಯುವುದು ಕನ್ನಡದಲ್ಲೇ. ಈಗಲೂ, ಎಲ್ಲರ ಕೈಯಲ್ಲೂ ಫೋನಿದ್ದರೂ.

ಈ ಪತ್ರವೂ ಮೊದಲು ಚಿಂತಾಮಣಿಯ ನನ್ನ ತಂಗಿಗೆ ಹೋದದ್ದೇ. ಕೂಸಿನ ವಿಚಾರ ಏನಾಯಿತು ಎಂದು ಕೇಳಿದ್ದಳು, ನಡೆದದ್ದನ್ನೆಲ್ಲ ಬರೆದಿದ್ದೆ. ಓದಿದವಳೇ ಫೋನು ಮಾಡಿ ಜಾಡಿಸಿದಳು: “ಮೇರೆಕು ಕೈಕು ಲಿಖ್ತೆ ಭಾಯಿ?” ನನಗ್ಯಾಕೆ ಬರೀತೀಯಾ, ಆ ಕಾಗದ ಕೀಳಬೇಕಾದವರಿಗೆ ಬರಿ, ಎಂದಳು. ಹಾಗಾಗಿ ತಮಗೆ. ನೆಂಟರಿಗೆ ಬರೆದು ಅಭ್ಯಾಸವಾದ ಕೈ, ನಡುವೆ ಎಲ್ಲಾದರೂ ಸಲಿಗೆ ಕಂಡರೆ ಅದು ಅಗೌರವವಲ್ಲ.

ನನ್ನ ಮಗಳು ಮುಸರ್ರತ್. ಅವಳ ಮಗಳು ಅಮ್ರೀನ್. ಅಮ್ರೀನಳಿಗೆ ಎಂಟನೆಯ ತಿಂಗಳಲ್ಲೇ ನೋವು ಬಂತು, ತಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣುಕೂಸು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಹಿಡಿಸುವಷ್ಟಿತ್ತು. ಬದುಕಿದೆಯಲ್ಲ ಎಂದು ನಾವೆಲ್ಲ ಉಸಿರುಬಿಡುವಷ್ಟರಲ್ಲಿ ಅದರ ಮುಖ ಹಳದಿಯಾಯಿತು, ಆ ಹಳದಿ ಎದೆಗಿಳಿಯಿತು, ಹೊಟ್ಟೆಗಿಳಿಯಿತು. ಕಾಮಾಲೆ. ದಿನ ತುಂಬದ ಕೂಸುಗಳಿಗೆ ಇದು ಸಾಮಾನ್ಯ, ಬೆಳಕಿನ ಕೆಳಗಿಟ್ಟರೆ ಇಳಿಯುತ್ತದೆ ಎಂದು ಒಳಕ್ಕೆ ಒಯ್ದರು. ಅದಕ್ಕೆ ನನ್ನ ತಕರಾರಿಲ್ಲ. ಆ ಬೆಳಕನ್ನು ಕಂಡುಹಿಡಿದ ಪುಣ್ಯಾತ್ಮರಿಗೆ ನಾನು ದಿನಾ ದುವಾ ಮಾಡುತ್ತೇನೆ. ತಾಯಿಯ ಹಾಸಿಗೆ ಬೇರೆಯವರಿಗೆ ಬೇಕಿತ್ತು, ಅಮ್ರೀನಳನ್ನು ಡಿಸ್ಚಾರ್ಜ್ ಮಾಡಿದರು. ಕೂಸು ಒಳಗೆ, ತಾಯಿ ಹೊರಗೆ, ನಡುವೆ ತಮ್ಮ ಪೋಸ್ಟರು.

ಆ ಪೋಸ್ಟರಿನಲ್ಲಿ ಏನಿದೆ ಎಂಬುದು ತಮಗೆ ನೆನಪಿದೆಯೇ? ದಿನಾ ಅದನ್ನೇ ನೋಡಿದವನು ನಾನು, ಹೇಳುತ್ತೇನೆ. ಗುಂಡುಗುಂಡಗಿನ ಒಂದು ಕೂಸು, ಅದನ್ನೆತ್ತಿಕೊಂಡು ನಗುವ ಒಬ್ಬ ತಾಯಿ, ಕೆಳಗೆ ‘ತಾಯಿಯ ಎದೆಹಾಲು ಮಗುವಿನ ಹಕ್ಕು’ ಎಂಬ ಬರಹ. ಅಕ್ಷರಗಳು ಪರವಾಗಿಲ್ಲ, ಬಣ್ಣ ಕೊಂಚ ಜಾಸ್ತಿ. ಆ ಚಿತ್ರದ ತಾಯಿ ತನ್ನ ಕೂಸನ್ನು ನೋಡುತ್ತಿದ್ದಾಳೆ. ನಮ್ಮ ಅಮ್ರೀನ್ ಆ ಚಿತ್ರವನ್ನು ನೋಡುತ್ತಿದ್ದಳು. ಹಾಲು ಕೊಡಲು ಜಾಗವಿಲ್ಲದೆ ಹೆಂಗಸರ ಶೌಚಾಲಯದಲ್ಲಿ ನಿಂತು ಒಂದು ಸ್ಟೀಲ್ ಬಟ್ಟಲಿಗೆ ಹಿಂಡಿಕೊಂಡು ಬಂದು ಬಾಗಿಲಲ್ಲಿ ಕೊಡುತ್ತಿದ್ದಳು. ಮಗುವಿನ ಹಕ್ಕು ಬಟ್ಟಲಲ್ಲಿ ಒಳಗೆ ಹೋಗುತ್ತಿತ್ತು, ಬರಿಯ ಬಟ್ಟಲು ಹೊರಗೆ ಬರುತ್ತಿತ್ತು. ಕುಡಿಯಿತೋ, ಕಕ್ಕಿತೋ, ಯಾರನ್ನು ಕೇಳುವುದು?

ಆ ಬೆಂಚಿನ ಮೇಲೆ ನಾವು ಏಳೆಂಟು ಮನೆಯವರು ಕೂತಿರುತ್ತಿದ್ದೆವು. ಕೆಂಪಾಪುರದವರು, ವಿದ್ಯಾರಣ್ಯಪುರದವರು, ಬಾಗಲೂರಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದವರು. ಒಳಗೆ ನೀಲಿ ಲೈಟಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲು ತೆರೆದಾಗಲೆಲ್ಲ ನೆಲದ ಮೇಲೆ ಒಂದು ನೀಲಿ ಪಟ್ಟೆ ಬೀಳುತ್ತಿತ್ತು. ಆ ಲೈಟು ಕಾಮಾಲೆಯನ್ನು ಹೇಗೆ ಇಳಿಸುತ್ತದೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. “ಕೋಳಿಮರಿಗೆ ಬಲ್ಬ್ ಹಾಕಲ್ವಾ, ಅಂಗೇ ಕಣ್ರೀ, ಕಾವು ಕೊಡೋಕೆ,” ಎಂದರು ಒಬ್ಬರು. ಹೆಬ್ಬಾಳದ ಹತ್ತಿರ ಕೋಳಿ ಸಾಕಿದ್ದವರು ಅವರು, ಮಾತಿಗೆ ತೂಕವಿತ್ತು. ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಕಾವು ಕೊಡಲೆಂದೇ ಇಟ್ಟಿದ್ದಾರೆ ಎಂದಮೇಲೆ ಕೂಸಿಗೆ ಚಳಿಯಾಗುತ್ತಿದೆ ಎಂದಾಯಿತು. ಚಳಿಯಾಗುತ್ತಿದೆ ಎಂದಮೇಲೆ ಮೈಗೊಂದು ಬಟ್ಟೆ ಬೇಕು ಎಂದಾಯಿತು. ಈ ತರ್ಕದಲ್ಲಿ ಎಲ್ಲಿ ತಪ್ಪಿದೆ, ತಾವೇ ಹೇಳಿ. ಕಾಣದ ವಸ್ತುವಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರು ಯೋಚಿಸಬಲ್ಲರು?

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಕೂಸಿಗೆ ಮೊದಲು ತೊಡಿಸುವ ಬಟ್ಟೆ ಹೊಸದಾಗಿರಕೂಡದು. ಮನೆಯಲ್ಲಿ ಹೆಚ್ಚು ಕಾಲ ಬಾಳಿದವರ ಹಳೆಯ ಬಟ್ಟೆಯನ್ನು ಕತ್ತರಿಸಿ, ಅದರಿಂದ ಕುರ್ತಾ ಟೋಪಿ ಹೊಲಿದು, ಆರನೆಯ ದಿನದ ಛಟ್ಟಿಯ ಹೊತ್ತಿಗೆ ತೊಡಿಸಬೇಕು. ಅವರ ಆಯುಸ್ಸು ನೂಲಿನ ದಾರಿ ಹಿಡಿದು ಕೂಸಿಗೆ ಬರುತ್ತದೆ ಎಂದು ನಂಬಿಕೆ. ಈ ಪದ್ಧತಿ ನಮ್ಮೊಬ್ಬರದೇ ಅಲ್ಲ, ಬೆಂಚಿನ ಮೇಲಿದ್ದ ಎಲ್ಲ ಜಾತಿಯವರಲ್ಲೂ ಇದರ ಅಣ್ಣನೋ ತಮ್ಮನೋ ಒಬ್ಬನಿದ್ದ. ನಮ್ಮ ಮನೆಯಲ್ಲಿ ಈಗ ಹಾಗೆ ಬಾಳಿದವನು ನಾನೇ. ಒಗೆದೂ ಒಗೆದೂ ಬೆಣ್ಣೆಯಂತಾದ ಬಿಳಿಯ ಕುರ್ತಾವನ್ನು ಮುಸರ್ರತ್ ಹಿಡಿದುಕೊಂಡು ಬಂದು, “ಅಬ್ಬಾ, ಕತ್ತರಿ ಹಾಕ್ಲಾ? ಆಮೇಲೆ ಹುಡುಕ್ಬೇಡಿ ಮತ್ತೆ,” ಎಂದಳು. “ಹಾಕು. ಕಾಲರ್ ಹತ್ರ ಬಣ್ಣದ ಕಲೆ ಇದೆ, ಅದೊಂದು ಬಿಟ್ಟು ಕತ್ತರಿಸು,” ಎಂದೆ. ಜಂಬದಿಂದಲೇ ಎಂದೆ. ಅವಳು ಕುರ್ತಾ, ಟೋಪಿ, ಕಾಲುಚೀಲ ಹೊಲಿದು, ಕುದಿಸಿ, ಇಸ್ತ್ರಿ ಹಾಕಿ, ಹೊಸ ಕವರಿನಲ್ಲಿಟ್ಟು ತಂದಳು.

ಬಾಗಿಲಿಗೆ ಬಂದದ್ದು ಆಯಾ ಮುನಿರತ್ನಮ್ಮ. ಮುಸರ್ರತ್ ಆಕೆಯ ಕೈ ಹಿಡಿದುಕೊಂಡಳು.

“ಅಕ್ಕಾ, ಇದೊಂದ್ ತೊಡಿಸ್ಬಿಡಿ ಅಕ್ಕಾ. ನಾಳೆ ಆರ್ನೇ ದಿನ.”

“ಒಳೀಕೆ ಏನೂ ಇಸ್ಕೊಳಂಗಿಲ್ಲ ಕಣಮ್ಮಾ, ಬೈತಾರೆ ನಂಗೆ.”

“ನಮ್ ಅಬ್ಬಾದು ಬಟ್ಟೆ ಅಕ್ಕಾ. ನೋಡಿ, ಅಲ್ಲೇ ಕೂತವ್ರೆ.”

ಮುನಿರತ್ನಮ್ಮ ನನ್ನನ್ನು ನೋಡಿದರು. ಮೇಲಿಂದ ಕೆಳಗೆ, ಬಟ್ಟೆಯ ಗಟ್ಟಿತನವನ್ನಲ್ಲ, ನನ್ನ ಗಟ್ಟಿತನವನ್ನು ಅಳೆದ ಹಾಗೆ. “ಯಜಮಾನ್ರು ಇನ್ನೂ ಗುಂಡುಕಲ್ಲಿನಂಗವ್ರೆ. ಸರಿ ಕೊಡು. ನಮ್ಮಲ್ಲೂ ಅಂಗೇ ಮಾಡದು,” ಎಂದು ಸೆರಗಿನಡಿ ಇಟ್ಟುಕೊಂಡು ಒಳಗೆ ಹೋದರು. ನಾವೆಲ್ಲ ನಕ್ಕೆವು. ಅಮ್ರೀನ್ ಹೆರಿಗೆಯಾದ ಮೇಲೆ ಮೊದಲ ಬಾರಿಗೆ ನಕ್ಕದ್ದು ಆವಾಗಲೇ.

ಕೂಸು ಕುರ್ತಾ ತೊಟ್ಟು, ಟೋಪಿ ಹಾಕಿಕೊಂಡು, ಕಾಲುಚೀಲ ಸಿಕ್ಕಿಸಿಕೊಂಡು ತಮ್ಮ ನೀಲಿ ಬೆಳಕಿನಡಿ ಸುಖವಾಗಿ ಮಲಗಿತು. ಒಳಗೆ ನರ್ಸ್ ಒಬ್ಬರೇ, ಉಸಿರು ನಿಲ್ಲಿಸುತ್ತಿದ್ದ ಬೇರೊಂದು ಕೂಸಿನ ಹಿಂದೆ ಅವರು. ಪಾಳಿ ಬದಲಾಯಿತು, ಬಂದವರ ಕಥೆಯೂ ಅದೇ. ಮರುದಿನ ಬೆಳಿಗ್ಗೆ ಡಾಕ್ಟರ್ ಬಂದು ನೋಡಿದಾಗ ಇಳಿಯಬೇಕಾದ ಕಾಮಾಲೆ ಏರಿ ಕೂತಿತ್ತು. “ಯಾರ್ರೀ ಇದಕ್ಕೆ ಬಟ್ಟೆ ಹಾಕಿದ್ದು!” ಎಂಬ ಕೂಗು ಬಾಗಿಲು ದಾಟಿ ಬೆಂಚಿನವರೆಗೆ ಬಂತು. ಆ ಕೋಣೆಯಿಂದ ಹೊರಗಿನವರಿಗೆ ಸಿಕ್ಕ ಮೊದಲ ಮಾಹಿತಿ ಅದು.

ರಾತ್ರಿ ಪಾಳಿಯಲ್ಲಿದ್ದ ಇಂದು ಎಂಬ ನರ್ಸ್ ಆಮೇಲೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದರು. ಕಣ್ಣು ಕೆಂಪಾಗಿತ್ತು. “ತಾತಾ, ಆ ಲೈಟು ಚರ್ಮಕ್ಕೆ ಬೀಳ್ಬೇಕು. ಬೆಚ್ಚಗಿಡೋಕಲ್ಲ ಅದು. ಕಣ್ಣಿಗೆ ಪಟ್ಟಿ, ಕೆಳಗೊಂದು ಡೈಪರ್, ಅಷ್ಟೇ. ಮೈಯೆಲ್ಲಾ ಬಿಟ್ಟಿರ್ಬೇಕು. ಚರ್ಮದಲ್ಲಿರೋ ಹಳದೀನ ಆ ಬೆಳಕು ಕರಗಿಸತ್ತೆ, ಉಚ್ಚೆ ಕಕ್ಕದಲ್ಲಿ ಹೋಗ್ಬಿಡತ್ತೆ. ಬಟ್ಟೆ ಮೇಲೆ ಬಿದ್ರೆ ಬಟ್ಟೆಗೇನ್ ಕಾಮಾಲೆ ಇರತ್ತಾ?” ಎಂದರು. ಇಷ್ಟೇ. ಎರಡು ನಿಮಿಷವೂ ಹಿಡಿಯದ ಮಾತು. “ಇದನ್ನ ಮೊದ್ಲೇ ಯಾಕಮ್ಮಾ ಹೇಳ್ಲಿಲ್ಲ?” ಎಂದು ಮುಸರ್ರತ್ ಅತ್ತಳು. “ಯಾವಾಗ ಬಂದ್ ಹೇಳ್ಲಿ ಆಂಟಿ? ನೀರ್ ಕುಡಿಯೋಕ್ ಆಚೆ ಬಂದಿಲ್ಲ ನಾನು,” ಎಂದರು. ಅದೂ ನಿಜವೇ.

ಕಾಮಾಲೆ ಬಹಳ ಏರಿದರೆ ಅದು ಮಿದುಳಿಗೆ ಹತ್ತುತ್ತದಂತೆ. ಮೊದಲು ಕೆಡುವುದರಲ್ಲಿ ಕಿವಿಯೂ ಒಂದಂತೆ. ಮೈಯ ರಕ್ತವನ್ನೇ ಬದಲಾಯಿಸಬೇಕಾದೀತು ಎಂದರು, ಅಮ್ರೀನಳ ಗಂಡ ಜೀಷಾನ್ ಕೆಲಸ ಬಿಟ್ಟು ಯಶವಂತಪುರದಿಂದ ಓಡಿಬಂದ. ಬಟ್ಟೆ ಬಿಚ್ಚಿ, ಮೇಲಿನಿಂದಲೂ ಕೆಳಗಿನಿಂದಲೂ ಬೆಳಕು ಕೊಟ್ಟರು. ದೇವರ ದಯೆ, ಒಳಗಿದ್ದ ಆ ಡಾಕ್ಟರ ದಯೆ, ರಕ್ತ ಬದಲಾಯಿಸುವ ತನಕ ಹೋಗಲಿಲ್ಲ. ಹಳದಿ ಇಳಿಯಿತು. ಕೂಸು ಮನೆಗೆ ಬಂತು. ನಿಶಾತ್ ಎಂದು ಹೆಸರಿಟ್ಟೆವು. ಕಳಿಸುವಾಗ ಡಾಕ್ಟರ್ ಹೇಳಿದರು: ಏರಿದ್ದು ಸ್ವಲ್ಪ ಹೊತ್ತೇ ಆದರೂ ದಿನ ತುಂಬದ ಮಗು, ಕಿವಿಯ ಪರೀಕ್ಷೆ ಮಾಡಿಸಲೇಬೇಕು. ದಿನ ಗೊತ್ತುಮಾಡಿದ್ದಾರೆ. ಮುಂದಿನ ತಿಂಗಳು.

ಮುಂದಿನ ತಿಂಗಳು ಎಂಬುದು ತಮ್ಮ ಕಚೇರಿಯಲ್ಲಿ ಎಷ್ಟು ಉದ್ದವೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಮುಗಿಯುವುದೇ ಇಲ್ಲ. ಯಾರೂ ಕೂತಲ್ಲಿ ಕೂರುತ್ತಿಲ್ಲ. ಮುಸರ್ರತ್ ಅಡುಗೆಮನೆಯಲ್ಲಿ ಮುಚ್ಚಳ ಬೀಳಿಸುತ್ತಾಳೆ, ಓಡಿಬಂದು ಕೂಸಿನ ರೆಪ್ಪೆ ನೋಡುತ್ತಾಳೆ. ಜೀಷಾನ್ ಬೀಗದ ಕೈಗೊಂಚಲು ಅಲ್ಲಾಡಿಸುತ್ತಾನೆ. ನಾನು ಹಿಂದಿನಿಂದ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಒಮ್ಮೆ ಬೆಚ್ಚುತ್ತದೆ, ಒಮ್ಮೆ ಬೆಚ್ಚುವುದಿಲ್ಲ. “ನಿದ್ದೆಯಲ್ಲಿತ್ತು,” ಎನ್ನುತ್ತಾರೆ ಒಬ್ಬರು. “ಕಣ್ಣು ಬಿಟ್ಟಿತ್ತಲ್ಲ,” ಎನ್ನುತ್ತಾರೆ ಇನ್ನೊಬ್ಬರು. ಮಹಡಿಯ ಮೇಲಿನ ವೆಂಕಟರಾಮಯ್ಯನವರು ಇಳಿದು ಬಂದು, “ಏನ್ ಖಾದರ್ ಸಾಹೇಬ್ರೇ, ಮನೇಲಿ ದಿನಾ ಪಾತ್ರೆ ಯುದ್ಧ?” ಎಂದು ಛೇಡಿಸಿದರು. ನಾನು ವಿಷಯ ಹೇಳಿದೆ. ಮರುದಿನದಿಂದ ಅವರ ಸ್ಕೂಟರು ನಮ್ಮ ಕಿಟಕಿಯ ಕೆಳಗೆ ನಿಂತು ಒಂದು ಹಾರ್ನ್ ಹೊಡೆದೇ ಮುಂದೆ ಹೋಗುತ್ತದೆ. ಹೊಡೆದು, ತಲೆ ಎತ್ತಿ ನೋಡುತ್ತಾರೆ. ನಾನು ಏನೆಂದು ಕೈಸನ್ನೆ ಮಾಡಲಿ?

ಅಮ್ರೀನ್ ಮಾತ್ರ ಏನನ್ನೂ ಬೀಳಿಸುವುದಿಲ್ಲ. ಅವಳು ಹಾಡುತ್ತಾಳೆ, ಮೆಲ್ಲಗೆ. ಕೇಳಿಸುತ್ತಿದೆ ಎಂದೇ ಹಾಡುತ್ತಾಳೆ.

ತಮ್ಮನ್ನು ಕಾಣಲು ನಾನು ಬಂದಿದ್ದೆ. ತಾವು ಕೂರಿಸಿ ಮಾತಾಡಿಸಿದಿರಿ, ಅದನ್ನು ಮರೆಯುವುದಿಲ್ಲ. ಆ ಪೋಸ್ಟರ್ ತೆಗೆಸಿ ಸ್ವಾಮಿ ಎಂದೆ. ತಾವು ಹೇಳಿದ್ದು ಅಕ್ಷರಶಃ ನೆನಪಿದೆ: “ನೋಡಿ ಯಜಮಾನ್ರೇ, ಬಟ್ಟೆ ಕೊಟ್ಟಿದ್ದು ನಿಮ್ಮವ್ರು. ಹಾಕಿದ್ದು ಆಯಾ. ಇದ್ರಲ್ಲಿ ಪೋಸ್ಟರ್ ಏನ್ ಮಾಡ್ತು? ಜನಕ್ಕೆ ಅವೇರ್‌ನೆಸ್ ಇಲ್ಲ, ಅದೇ ಪ್ರಾಬ್ಲಮ್ಮು.” ಬೋರ್ಡ್ ಬರೆಯುವವನಿಗೆ ಮಾತು ಬಾಯಲ್ಲಿ ಬರುವುದು ನಿಧಾನ. ಅದರ ಉತ್ತರ ಈಗ ಹೇಳುತ್ತೇನೆ.

ಆ ಗಾಜು ಬರಿದಾಗಿದ್ದಿದ್ದರೆ ಬೆಂಚಿನ ಮೇಲಿದ್ದ ನಾವೆಲ್ಲ ಮೊದಲ ದಿನವೇ ನೋಡುತ್ತಿದ್ದೆವು: ಒಳಗಿರುವ ಕೂಸುಗಳೆಲ್ಲ ಬರಿಮೈಯಲ್ಲಿವೆ, ಒಂದಕ್ಕೂ ಅಂಗಿಯಿಲ್ಲ, ಕಣ್ಣಿಗೆ ಮಾತ್ರ ಬಟ್ಟೆಯಿದೆ. ಯಾಕೆ ಹೀಗೆ ಎಂದು ಯಾರಾದರೂ ಕೇಳುತ್ತಿದ್ದರು. ಕೇಳದಿದ್ದರೂ, ಎಲ್ಲ ಕೂಸುಗಳೂ ಹಾಗೇ ಇರುವಾಗ ನಮ್ಮದಕ್ಕೊಂದಕ್ಕೆ ಕುರ್ತಾ ತೊಡಿಸಲು ಮುಸರ್ರತ್ ಹಿಂದೆಮುಂದೆ ನೋಡುತ್ತಿದ್ದಳು. ತೊಡಿಸಿದ್ದರೂ, ಬಿಳಿಯ ಬಟ್ಟೆ ಸುತ್ತಿಕೊಂಡ ಒಂದೇ ಒಂದು ಕೂಸು ಹೊರಗಿನ ಹತ್ತಾರು ಕಣ್ಣುಗಳಿಗೆ ಒಂದು ಗಂಟೆಯೊಳಗೆ ಬೀಳುತ್ತಿತ್ತು. ಒಳಗೆ ಒಬ್ಬ ನರ್ಸು, ಹೊರಗೆ ನಾವಿಷ್ಟು ಜನ ಬಿಟ್ಟಿ ಕಾವಲುಗಾರರು. ಆ ಕಾವಲಿನ ಕಣ್ಣುಗಳಿಗೆಲ್ಲ ತಾವು ಅಂಟು ಬಳಿದಿರಿ. ಪೋಸ್ಟರು ಮಾಡಿದ್ದು ಇದು. ಜನಕ್ಕೆ ತಿಳಿವಳಿಕೆ ಇಲ್ಲ ಎಂದಿರಿ, ಒಪ್ಪಿದೆ. ತಿಳಿವಳಿಕೆ ಎಂಬುದು ಎಲ್ಲಿಂದ ಬರುತ್ತದೆ ಸ್ವಾಮಿ? ಕಣ್ಣು ಕಟ್ಟಿ ಕೂರಿಸಿ, ಇವರಿಗೆ ದಾರಿ ಗೊತ್ತಿಲ್ಲ ಎನ್ನುವುದು ಯಾವ ನ್ಯಾಯ?

ಸೋಂಕು ತಡೆಯಲು ಎಂದೂ ತಾವು ಹೇಳಿದಿರಿ. ಕೈ ಕಾಲು ತೊಳೆಯದೆ ಒಳಗೆ ನುಗ್ಗುವವರನ್ನು ತಡೆಯಿರಿ, ನಾನೂ ಬಾಗಿಲಲ್ಲಿ ನಿಂತು ತಡೆಯುತ್ತೇನೆ. ಆದರೆ ಗಾಜಿನಾಚೆಯಿಂದ ನೋಡಿದರೆ ಸೋಂಕು ತಗಲುತ್ತದೆಯೇ? ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ತಗಲುತ್ತದೆ ಎನ್ನುತ್ತಾರೆ. ಅದಕ್ಕೆ ಅವರು ನಜರ್ ಎನ್ನುತ್ತಾರೆ, ತಾವು ದೃಷ್ಟಿ ಎನ್ನಬಹುದು, ಅದಕ್ಕೆ ಮೆಣಸಿನಕಾಯಿ ನಿವಾಳಿಸುತ್ತಾರೆ. ಇಷ್ಟು ಓದಿದ ತಾವೂ ಆ ಪಕ್ಷದವರೇ ಎಂದು ನನಗೆ ಗೊತ್ತಿರಲಿಲ್ಲ.

ನಿಜವಾದ ಕಾರಣ ಬಾಗಿಲು ಕಾಯುವವರೇ ಹೇಳಿದರು: “ಯಾರೋ ಗಾಜಿನಿಂದ ವಿಡಿಯೋ ತೆಗ್ದು ಬಿಟ್ಬಿಟ್ರು ಯಜಮಾನ್ರೇ, ಒಂದೇ ಲೈಟ್ ಕೆಳಗೆ ಎರಡೆರಡು ಮಕ್ಳು ಮಲಗಿರೋದು. ಎಲ್ಲಾರ್ ಫೋನಲ್ಲೂ ಬಂತು. ಮಾರನೇ ದಿನಾನೇ ಇದು ಅಂಟಿಸ್ಬಿಟ್ರು.” ಒಂದು ದೀಪದಡಿ ಎರಡು ಕೂಸು ಎಂಬುದು ಜನರ ಕಣ್ಣಿಗೆ ಬಿತ್ತು. ಇನ್ನೊಂದು ದೀಪ ತರಿಸುವುದು ಒಂದು ದಾರಿ, ಜನರ ಕಣ್ಣು ಮುಚ್ಚುವುದು ಇನ್ನೊಂದು. ತಾವು ಅಗ್ಗದ್ದನ್ನು ಆರಿಸಿದಿರಿ. ಮಕ್ಕಳ ಮೇಲೆ ಬೀಳಬೇಕಾದ ಬೆಳಕು ತಮ್ಮ ಮೇಲೆ ಬಿತ್ತು, ಅದಕ್ಕೆ ಸೆಖೆಯಾಯಿತು. ಹೀಗೆ ಹೇಳಿದರೆ ಕೋಪ ಬರಬಹುದು. ನನ್ನ ಕುರ್ತಾ ಕೂಸಿನ ಬೆಳಕಿಗೆ ಅಡ್ಡ ಬಂತು, ಪ್ರೀತಿಯಿಂದ. ತಮ್ಮ ಪೋಸ್ಟರು ಏತರಿಂದ?

ಒಂದು ಮಾತು ಮರೆಯುವ ಮೊದಲು. ಈ ಪತ್ರ ಓದಿ ಮುನಿರತ್ನಮ್ಮನವರ ಮೇಲಾಗಲಿ ನರ್ಸ್ ಇಂದು ಅವರ ಮೇಲಾಗಲಿ ನೋಟಿಸು ಹೊರಡಿಸಿದರೆ ಸೈ ಎಂದು ತಮ್ಮ ಕಚೇರಿಯಲ್ಲಿ ಯಾರಿಗಾದರೂ ಹೊಳೆದೀತು. ಹಾಗೆ ಮಾಡಿದರೆ ನಾವು ಬೆಂಚಿನವರೆಲ್ಲ ಸೇರಿ ಅವರ ಪರ ಸಾಕ್ಷಿ ಹೇಳಲು ಬರುತ್ತೇವೆ. ಒಬ್ಬರು ಕರುಣೆ ತೋರಿಸಿದರು, ಇನ್ನೊಬ್ಬರು ಇನ್ನೊಂದು ಕೂಸನ್ನು ಉಳಿಸುತ್ತಿದ್ದರು.

ಇದನ್ನು ನಾನು ಬರೆಯುತ್ತಿರುವುದು ಮನೆಯಲ್ಲಲ್ಲ. ತಮ್ಮದೇ ಆಸ್ಪತ್ರೆಯ ಬೆಂಚಿನ ಮೇಲೆ. ಕಿವಿಯ ಪರೀಕ್ಷೆ ಸ್ವಲ್ಪ ಮೊದಲಾದೀತೇ ಎಂದು ಕೇಳಲು ಬಂದೆ, ಆಗದು ಎಂದರು. ಹಿಂದಿರುಗಲು ಹೊರಟವನು ಇಲ್ಲಿ ಯಾಕೆ ಕೂತೆ ಎಂದರೆ, ಬಾಗಿಲ ಬಳಿ ಒಬ್ಬ ತಾಯಿ ನಿಂತಿದ್ದರು, ಕಂಕುಳಲ್ಲಿ ಒಂದು ಬಟ್ಟೆ ಚೀಲ. ಆ ನಿಲುವು ನೋಡುತ್ತಲೇ ನನಗೆ ತಿಳಿಯಿತು.

“ಒಳಗಿರೋದು ಮಗಳ ಮಗೂನಾ ತಾಯಿ?”

“ಮಗನ್ದು ಕಣಪ್ಪ. ಲೈಟಿಗಾಕವ್ರೆ. ಆಯಮ್ಮ ಬರ್ಲಿ ಅಂತ ನಿಂತಿವ್ನಿ.”

“ಚೀಲದಲ್ಲಿ ಏನು?”

“ನಮ್ಮ ಮಾವನ ಪಂಚೆ. ನೂರರ ಅತ್ರ ಬಾಳಿದ್ರು. ಅರ್ದು ತಂದಿವ್ನಿ, ಸುತ್ತಕೆ.”

ನಾನು ಕೂರಿಸಿ ಎಲ್ಲ ಹೇಳಿದೆ. ನನ್ನ ಕುರ್ತಾದ ಕಥೆ, ಚರ್ಮ, ಬೆಳಕು, ಹಳದಿ. ಒಳಗೆ ಬೆಚ್ಚಗಿಡುವುದಕ್ಕೆ ಬೇರೆ ಏರ್ಪಾಡಿದೆ, ಪಂಚೆ ಮನೆಗೆ ಹೋದ ಮೇಲೆ ಸುತ್ತಿ ಎಂದೆ. ಆಕೆ ಗಮನವಿಟ್ಟು ಕೇಳಿದರು. ಆಮೇಲೆ ಕೇಳಿದರು:

“ಅಂಗಾರೆ ಕೂಸು ಬರೀ ಮೈಲಿ ಇರ್ತದಾ? ನೀವ್ ಕಣ್ಣಾರೆ ಕಂಡಿದೀರಾ?”

ನಾನು ಸುಳ್ಳು ಹೇಳಬಹುದಿತ್ತು. “ಇಲ್ಲ ತಾಯಿ,” ಎಂದೆ. “ನಾನೂ ನೋಡಿಲ್ಲ.”

“ಕಾಣ್ದೋರ್ ಮಾತ್ ಎಂಗಪ್ಪಾ ನಂಬದು?” ಎಂದರು. ಕೋಪದಿಂದಲ್ಲ, ಪಾಪ, ನನ್ನ ಮೇಲೆ ಮರುಕದಿಂದಲೇ. ತಾವು ಅಂಟಿಸಿದ ಪೋಸ್ಟರನ್ನು ಒಮ್ಮೆ ನೋಡಿದರು. ಅದರಲ್ಲಿರುವ ಗುಂಡುಕೂಸಿಗೆ ಕುಲಾವಿಯಿದೆ, ಅಂಗಿಯಿದೆ, ಮೇಲೊಂದು ಹೊದಿಕೆಯೂ ಇದೆ. ಆಸ್ಪತ್ರೆಯವರೇ ಹಾಕಿದ ಚಿತ್ರ. ನನ್ನ ಮಾತಿಗೂ ಆ ಚಿತ್ರಕ್ಕೂ ನಡುವೆ ಆಕೆ ಯಾವುದನ್ನು ನಂಬಬೇಕು? ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಅದರ ಬಾಯಿ ಕಟ್ಟಿಲ್ಲ.

ನನ್ನ ಬೇಡಿಕೆ ಮತ್ತೊಮ್ಮೆ ಹೇಳುತ್ತೇನೆ. ಆ ಪೋಸ್ಟರು ಕಿತ್ತುಹಾಕಿಸಿ, ಗಾಜು ಒರೆಸಿಸಿ. ಕೈ ತೊಳೆಸಿ, ಬೇಕಾದರೆ ಮೈಯನ್ನೇ ತೊಳೆಸಿ, ತಾಯಿಯನ್ನು ಒಳಗೆ ಬಿಡಿ. ಬೆಳಕಿನ ಪಕ್ಕ ಒಂದು ಕುರ್ಚಿ ಹಾಕಿಸಿದರೆ ಹಾಲು ಹಿಂಡಲು ಶೌಚಾಲಯಕ್ಕೆ ಹೋಗುವುದು ತಪ್ಪುತ್ತದೆ. ಕೂಸುಗಳು ಮತ್ತೆ ದೀಪಗಳ ಲೆಕ್ಕಕ್ಕಿಂತ ಹೆಚ್ಚಾದರೆ ಕಾಣಿಸಲಿ, ಜನ ನೋಡಲಿ, ನೋಡಿದ ಜನರನ್ನು ಕರೆದುಕೊಂಡು ತಾವು ಮೇಲಿನವರ ಬಳಿ ದೀಪ ಕೇಳಲು ಹೋಗಿ, ಮುಂದೆ ನಾನು ನಡೆಯುತ್ತೇನೆ. ‘ಈ ಬೆಳಕು ಕೂಸಿನ ಮೈಗೆ ಬೀಳಬೇಕು, ಬಟ್ಟೆ ಕೊಡಬೇಡಿ’ ಎಂದು ಒಂದು ಬೋರ್ಡ್ ಹಾಕಿಸಿ. ಉಗುಳಬೇಡಿ, ಗುಂಪುಗೂಡಬೇಡಿ, ಗದ್ದಲ ಮಾಡಬೇಡಿ ಎಂದು ತಮ್ಮ ಗೋಡೆಗಳ ಮೇಲೆಲ್ಲ ಇದೆ, ಏನು ನಡೆಯುತ್ತಿದೆ ಎಂದು ಹೇಳುವ ಬೋರ್ಡು ಒಂದೂ ಇಲ್ಲ. ಕೈ ನಡುಗುತ್ತದೆ, ಆದರೂ ಕನ್ನಡದಲ್ಲಿ, ಉರ್ದುವಿನಲ್ಲಿ ನಾನೇ ಬರೆದುಕೊಡುತ್ತೇನೆ. ಓದಲು ಬಾರದವರಿಗೆ ಗಾಜು ಇದೆ.

ಈ ಪತ್ರ ಅಚ್ಚಾಗುವ ಹೊತ್ತಿಗೆ ಈ ತಾಯಿ ಹೋಗಿ ಇನ್ನೊಬ್ಬರು ಬಂದಿರುತ್ತಾರೆ, ಅವರ ಚೀಲದಲ್ಲಿ ಇನ್ನೊಬ್ಬ ದೀರ್ಘಾಯುಷಿಯ ಬಟ್ಟೆ ಇರುತ್ತದೆ. ಸದ್ಯಕ್ಕೆ ಈ ಪಾಳಿಯ ಹೊಸ ಆಯಾ ಇನ್ನೂ ಬಾಗಿಲಿಗೆ ಬಂದಿಲ್ಲ. ನಾನು ಎದ್ದು ಹೋದರೆ ಪಂಚೆ ಒಳಗೆ ಹೋಗುತ್ತದೆ. ಆದ್ದರಿಂದ ಏಳುವ ಹಾಗಿಲ್ಲ. ತಮ್ಮ ಕೋಣೆಯಿಂದ ಇಲ್ಲಿಗೆ ಒಂದೇ ಮಹಡಿ. ದಯವಿಟ್ಟು ಬೇಗ ಇಳಿದು ಬನ್ನಿ, ಸ್ವಾಮಿ. ನಾನು ಮನೆಗೆ ಹೋಗಬೇಕು, ಕೂಸು ಎದ್ದಿರುವ ಹೊತ್ತು, ಚಪ್ಪಾಳೆ ತಟ್ಟಿ ನೋಡಬೇಕು.

ಇಂತಿ,
ತಾವು ಹಾಕಿಸದ ಬೋರ್ಡಿನ ಬದಲಿಗೆ ಬಾಗಿಲಲ್ಲಿ ಕೂತಿರುವ,
ಖಾದರ್ ಬಾಷಾ
ಆರ್.ಟಿ. ನಗರ